ಭಾಲ್ಕಿ ತಮ್ಮಗ, ರಾಯ್ಟ್‌ಲಿಂಗನ್‌ಗ ಹೋಗೂ ಮೊದ್ಲ

ತಮ್ಮಾ,

ನಿನ್ನ ಮೆಸೇಜ್ ಓದಿದೆ. ಜರ್ಮನಿಯ ಕೆಮ್ನಿಟ್ಸ್‌ದಾಗ ಮಾಸ್ಟರ್ಸ್ ಓದ್ಲಾಕತ್ತೀನಿ, ಸೆಪ್ಟೆಂಬರ್‌ಲಿಂದ ಆರು ತಿಂಗಳು ರಾಯ್ಟ್‌ಲಿಂಗನ್‌ದಾಗ ಒಂದು ಮಷಿನ್ ಕಂಪನ್ಯಾಗ ಇಂಟರ್ನ್‌ಶಿಪ್ ಸಿಕ್ಕಾದ, ರೂಮು, ಊಟ, ರೊಕ್ಕ ಹ್ಯಾಂಗ ಅಕ್ಕಾ, ಆಫೀಸ್ ಮುಗದ ಮ್ಯಾಲ ಟೈಮ್ ಹಾಳು ಮಾಡ್ಲಾರ್ದೆ ಹ್ಯಾಂಗ ಮುಂದ ಬರ್ಬೇಕು ಅಂತ ಕೇಳಿದಿ. ಸಂಗಟ ಒಂದು ಟೈಮ್‌ಟೇಬಲ್ಲೂ ಕಳಿಸಿದಿ. ಭಾಲ್ಕಿ ಹುಡುಗ ಅಂತ ಮೊದ್ಲೇ ಹೇಳಿದಿ ನೋಡು, ಅದಕ್ಕ ಇಷ್ಟುದ್ದ ಬರ್ಲಾಕತ್ತೀನಿ. ಬ್ಯಾರೆಯವರಾಗಿದ್ರ ಎರಡು ಸಾಲಿನ್ಯಾಗ ಮುಗಸ್ತಿದ್ದೆ.

ರೂಮಿಂದು ಜಾಸ್ತಿ ಹೇಳಾದಿಲ್ಲ. ಕಣ್ಣಿಲೆ ನೋಡ್ಲಾರ್ದ ರೂಮಿಗೆ ಅಡ್ವಾನ್ಸ್ ಹಾಕಬ್ಯಾಡ. ಮಾಲಕರ ಕಡಿಂದ ಕಾಗದ ತಗೊಂಡು ಎರಡು ವಾರದ ಒಳಗ ಊರಿನ ಆಫೀಸಿನ್ಯಾಗ ಹೆಸರು ಬರಸು, ಅದೆಲ್ಲ ನಿನಗ ಗೊತ್ತದ. ಈ ಶ್ವಾಬೆನ್ ಸೀಮ್ಯಾಗ ಹೊಸಾದು ಅಂದ್ರ ಕೆರ್‌ವೋಖ. ಬಿಲ್ಡಿಂಗಿನ ಮೆಟ್ಟಲ ಕಸ ಹೊಡಿಯೋ ಪಾಳಿ, ವಾರಕ್ಕೊಂದು ಮನಿ. ನಿನ್ನ ಪಾಳಿ ಬಂತು ಅಂತ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ನಿನ್ನ ಬಾಗಲಿಗೆ ಒಂದು ಸಣ್ಣ ಬೋರ್ಡ್ ತೂಗಹಾಕಿ ಸುಮ್ನ ಹೋಗ್ತಾರ.

ರೊಕ್ಕದ ವಿಷಯ. ನಿನ್ನ ಕೋರ್ಸಿನ ನಿಯಮದಾಗ ಈ ಇಂಟರ್ನ್‌ಶಿಪ್ ಕಡ್ಡಾಯ ಅದನೋ ಇಲ್ಲೋ ಮೊದ್ಲ ನೋಡು. ಕಡ್ಡಾಯ ಇದ್ರ ಕನಿಷ್ಠ ವೇತನದ ಕಾಯ್ದೆ ಅದಕ್ಕ ಹತ್ತಂಗಿಲ್ಲ, ಕಂಪನಿ ಕೊಟ್ಟಷ್ಟು ತಗೋಬೇಕು. ಆದ್ರ ವಿದ್ಯಾರ್ಥಿಗೆ ವರ್ಷಕ್ಕ ಕೆಲಸ ಮಾಡ್ಲಾಕ ಕೊಟ್ಟ 140 ದಿನದ ಲೆಕ್ಕದಾಗ ಅದು ಹಿಡಿಯಂಗಿಲ್ಲ. ಕಡ್ಡಾಯ ಅಲ್ಲ, ಮೂರು ತಿಂಗಳ ಮ್ಯಾಲ ಅದ ಅಂದ್ರ ಕನಿಷ್ಠ ವೇತನ ಕೊಡ್ಲೇಬೇಕು, ದಿನಗೋಳೂ ಎಣಿಕಿಗೆ ಬರ್ತಾವ. ಓಡಾಟಕ್ಕ ಡಾಯ್ಚ್‌ಲಾಂಡ್ ಟಿಕೆಟ್ ಸಾಕು, ಅದು ಊರ ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸ್. 2023ರ ಮೇದಾಗ 49 ಯೂರೋಕ್ಕ ಶುರು ಆಗಿದ್ದು 2026ಕ್ಕ 63 ಆಗ್ಯಾದ. ಬಿಡಬೇಕಾದ್ರ ತಿಂಗಳ 10ನೇ ತಾರೀಖಿನ ಒಳಗ ರದ್ದು ಮಾಡು, ಇಲ್ಲಂದ್ರ ಮುಂದಿನ ತಿಂಗಳದೂ ಕಟ್ಟಾಗ್ತದ. ಮನಿಗಿ ಎಷ್ಟು ಕಳಸ್ಬಹುದು ಅಂತ ಕೇಳಿದಿ. ಈ ಆರು ತಿಂಗಳು ಏನೂ ಕಳಸಬ್ಯಾಡ. ಅಪ್ಪಗ ಸಿಟ್ಟು ಬಂದ್ರ ನನ್ನ ಹೆಸರು ಹೇಳು.

ಊಟ. ಜ್ವಾಳದ ಹಿಟ್ಟು ಸ್ಟುಟ್‌ಗಾರ್ಟಿನ ಇಂಡಿಯನ್ ಅಂಗಡ್ಯಾಗ ಸಿಗ್ತದ, ಖರೆ ಹಳೇದಿರ್ತದ. ಹಳೆ ಹಿಟ್ಟಿಗೆ ಜಿಗಿ ಇರಂಗಿಲ್ಲ, ಬಡಿಯೂ ಮುಂದ ಅಂಚು ಬಿರಿತಾವ. ಎಸರು ಕುದಿಯೂ ಮುಂದನೇ ಹಾಕಿ ಕಲಸು, ತಡಾ ಮಾಡ್ಲಾರ್ದೆ ನಾದು. ನಾ ಮೊದಲ ಸಲ ರೊಟ್ಟಿ ಬಡಿದಾಗ ಕೆಳಗಿನ ಮನಿ ಅಜ್ಜಿ ಮ್ಯಾಲ ಬಂದು, ರಿಪೇರಿ ಕೆಲಸ ನಡದದೇನು ಅಂತ ಕೇಳಿದ್ಳು. ಅರ್ಧ ರೊಟ್ಟಿ, ಬದ್ನಿಕಾಯಿ ಎಣ್ಣಿಗಾಯಿ ಕೊಟ್ಟೆ. ಕಣ್ಣಾಗ ನೀರು ಬಂದ್ವು ಆಕಿಗಿ, ಖಾರಕ್ಕ. ಆದ್ರೂ ಪೂರಾ ತಿಂದ್ಳು.

ಈಗ ನಿನ್ನ ಟೈಮ್‌ಟೇಬಲ್. ಐದಕ್ಕ ಏಳೋದು, ಜಿಮ್, ಸಂಜಿಗಿ ಪೈಥಾನ್ ಕೋರ್ಸ್, ಆಮ್ಯಾಲ ಡಿಸೈನ್ ಸಾಫ್ಟ್‌ವೇರಿನ ಸರ್ಟಿಫಿಕೇಟ್, ಮಲ್ಕೊಳ್ಳೂ ಮೊದ್ಲ ಜರ್ಮನ್ ಶಬ್ದ ಬಾಯಿಪಾಠ, ಶನಿವಾರ ಪುಸ್ತಕ. ಚಲೋ ಅದ. ಆದ್ರ ತಮ್ಮಾ, ಇದ್ರಾಗ ಒಬ್ಬ ಮನಷ್ಯಾನೂ ಇಲ್ಲಲ್ಲ? ಡಿಸೆಂಬರ್‌ದಾಗ ಇಲ್ಲಿ ಹೊತ್ತು ಹೊಂಡಾದು ಎಂಟರ ಮ್ಯಾಲ, ಮುಳಗಾದು ನಾಕೂವರಿಗಿ. ಐದಕ್ಕ ಎದ್ದು ಕತ್ತಲಾಗ ಕುಂತು ಲ್ಯಾಪ್‌ಟಾಪ್ ನೋಡ್ದಾಂವ ಸಂಜಿಗಿ ಕತ್ತಲಾಗ ಮತ್ತ ಬಂದು ಲ್ಯಾಪ್‌ಟಾಪ್ ನೋಡಿದ್ರ ಜನವರಿಗಿ ಏನಾಗ್ತಾನ ಅಂತ ನಾ ನೋಡೀನಿ. ಕೆಮ್ನಿಟ್ಸ್‌ದ ಹಾಸ್ಟೆಲ್ ಅಡಿಗಿಮನ್ಯಾಗ ತೆಲುಗು, ಮರಾಠಿ, ನಮ್ಮ ದಖ್ಖನಿ ಎಲ್ಲಾ ಕಿವಿಗಿ ಬೀಳ್ತಿರ್ಬೇಕು ನಿನಗ. ರಾಯ್ಟ್‌ಲಿಂಗನ್‌ದಾಗ ಅದಿರಂಗಿಲ್ಲ.

ಪೈಥಾನ್ ಭಾಲ್ಕ್ಯಾಗ ಕುಂತೂ ಕಲೀಬಹುದು. ಕಂಪನಿ ಒಳಗಿನ ಮಂದಿ, ಮಷಿನ್ ನಿನಗ ಸಿಗಾದು ಆರು ತಿಂಗಳು ಅಷ್ಟೇ. ನಾ ಇಂಟರ್ನ್ ಇದ್ದ ಕಂಪನ್ಯಾಗ ಒಂದು ಅಳತಿ ರೂಮ್ ಇತ್ತು, ಅಲ್ಲಿ ರಿಟೈರ್ ಆಗ್ಲಾಕ ಬಂದ ಒಬ್ಬ ಮುದುಕ. ಲೇತಿನಿಂದ ಇಳಿದ ಶಾಫ್ಟ್ ತಂದ್ರ ಅವತ್ತು ಅಳೀತಿದ್ದಿಲ್ಲ. ಗ್ರ್ಯಾನೈಟ್ ಕಲ್ಲಿನ ಮ್ಯಾಲ ಇಟ್ಟು ಮರುದಿನ ಮುಂಜಾನೆ ಅಳೀತಿದ್ದ. ಯಾಕಂತ ಕೇಳಿದ್ರ, ಡ್ರಾಯಿಂಗಿನ್ಯಾಗ ಬರ್ದ ಅಳತಿ 20 ಡಿಗ್ರಿ ಸೆಲ್ಸಿಯಸ್ಸಿಂದು, ಉಕ್ಕು ಆ ಶಾಖಕ್ಕ ಬರತನಾ ಅಳದ್ರ ಸುಳ್ಳು ಅಂದ. ಲೆಕ್ಕಾ ಹಾಕಿ ನೋಡು: 100 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್ 40 ಡಿಗ್ರಿಗಿ ಸುಮಾರು 23 ಮೈಕ್ರಾನ್ ಉಬ್ಬಿರ್ತದ, ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು. ಅಳತಿ ಎಷ್ಟು ಹೆಚ್ಚುಕಮ್ಮಿ ಆದ್ರ ನಡೀತದ ಅಂತ ಹೇಳೋ ಗುರ್ತು ಎಚ್7 ಅಂತ ಬರ್ದಿದ್ರ ನಿನಗ ಸಿಗೋ ಒಟ್ಟು ಜಾಗಾನೇ 35 ಮೈಕ್ರಾನ್. ನಮ್ಮ ಊರಾಗ ಮೇ ತಿಂಗಳ ಲ್ಯಾಬಿನ್ಯಾಗ ಮೈಕ್ರೋಮೀಟರೂ ಅಷ್ಟೇ ಕಾದಿರ್ತಿತ್ತು, ಎರಡೂ ಸರಿಹೋಗ್ತಾವಲ್ಲ ಅಂದೆ ನಾನು. ಮುದುಕ ನಕ್ಕ. ಶಾಫ್ಟ್ ಲೇತಿನ್ಯಾಗ ಕಾದದ್ದು, ಮೈಕ್ರೋಮೀಟರ್ ಡ್ರಾದಾಗ ಮಲಗಿದ್ದು, ಎರಡರ ಶಾಖ ಒಂದೇ ಅಂತ ನಿನಗ ಯಾರು ಹೇಳಿದ್ರು ಅಂದ. ಇದು ಯಾವ ಕೋರ್ಸಿನ್ಯಾಗ ಬರ್ತದ ಹೇಳು.

ಆತನ ಮಾತು ಪೂರಾ ಶ್ವೇಬಿಷ್, ಈ ಸೀಮಿಯ ಆಡುಮಾತು. ಕ್ಲಾಸಿನ್ಯಾಗ ಜರ್ಮನ್ ಬಿ2 ಮಟ್ಟ ಮುಗಿಸ್ದಾಕಿಗಿ ಮೊದಲ ತಿಂಗಳು ಅರ್ಧನೂ ತಿಳೀಲಿಲ್ಲ. ಬೆಂಗಳೂರಿನವರು ಮೊದಲ ಸಲ ಕಲಬುರಗಿ ಸೂಪರ್ ಮಾರ್ಕೆಟ್‌ನಾಗ ಇಳಿದಂಗ ಆಗಿತ್ತು ನನ್ನ ಪಾಡು. ಹಂಗಂತ ಟಿವಿ ಜರ್ಮನ್ ಮಾತಾಡ್ರಿ ಅಂತ ಅವರಿಗೆ ಹೇಳಬ್ಯಾಡ. ನಮ್ಮ ಮಾತಿಗೆ ಯಾರರೆ ನಕ್ರ ಹ್ಯಾಂಗ ಆಗ್ತದ ಅಂತ ನಮಗ ಗೊತ್ತದಲ್ಲ.

ಆ ಅಳತಿ ರೂಮಿಗೆ ಹೋಗು ಅಂತ ಯಾರೂ ನನಗ ಹೇಳಿದ್ದಿಲ್ಲ. ಇಲ್ಲಿಂದ ನಾ ಹೇಳಾದು ಸ್ವಲ್ಪ ಲಕ್ಷ್ಯ ಕೊಟ್ಟು ಓದು.

ನಾ 2009ರ ಅಕ್ಟೋಬರ್‌ದಾಗ ಬಂದಾಕಿ. ಕಲಬುರಗಿಗಿ ಆಗ ವಿಮಾನ ನಿಲ್ದಾಣ ಇಲ್ಲ, ಸರ್ಕಾರಿ ಕಾಗದದಾಗ ಊರಿನ ಹೆಸರೂ ಗುಲ್ಬರ್ಗಾ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈ, ಅಲ್ಲಿಂದ ಫ್ರಾಂಕ್‌ಫರ್ಟ್. ಬ್ರಹ್ಮಪುರದ ಮನ್ಯಾಗ ಅವ್ವ ಹೇಳಿ ಕಳಿಸಿದ್ದು ಒಂದೇ: ತಗ್ಗಿ ನಡಿ, ಕೆಲಸ ಮಾಡು, ಬಾಯಿ ಬಿಟ್ಟು ಬೇಡಬ್ಯಾಡ. ಹಂಗೇ ನಡದೆ. ಇಂಟರ್ನ್‌ಶಿಪ್ಪಿನ್ಯಾಗ ಟೆಸ್ಟ್ ಬೆಂಚಿನ ರಿಪೋರ್ಟ್ ಎಲ್ಲಾ ನಂದೇ. ಯಾರೂ ಮುಟ್ಲಾರ್ದ ಹಳೆ ಡೇಟಾ ಕುಂತು ಹಸನ ಮಾಡ್ದೆ. ಮಾಸ್ಟರ್ಸ್ ಥೀಸಿಸ್ ಅಲ್ಲೇ ಮಾಡ್ಬೇಕು ಅಂತ ಮನಸಿನ್ಯಾಗ ಭಾಳ ಇತ್ತು. ಥೀಸಿಸ್ಸಿಗೆ ರೊಕ್ಕ ಕೊಡ್ತಿದ್ರು, ಮುಗದ ಮ್ಯಾಲ ನೌಕರಿ ಸಿಗೋ ದಾರಿನೂ ಅದೇ. ಹಿರಿಯರು ನೋಡ್ಲಾಕತ್ತಾರ, ಕರೀತಾರ ಅಂತ ಕಾಯ್ಕೋತ ಕುಂತೆ. ನಮ್ಮ ಕಡಿ ಹಂಗೇ ಅಲ್ಲ ಆಗಾದು? ಸರ್ ಒಬ್ಬರು ನೋಡ್ತಾರ, ಇನ್ನೊಬ್ಬರಿಗಿ ಹೇಳ್ತಾರ, ಈ ಹುಡುಗೀಗಿ ಹಚ್ರಿ ಅಂತಾರ.

ಕಡೀ ವಾರ ರವಾ ಶಿರಾ ಮಾಡ್ಕೊಂಡು ಹೋದೆ. ಇಲ್ಲಿ ಹೋಗವರೇ ತಿನಸು ತರ್ಬೇಕು, ಹುಟ್ಟಿದ ದಿನಕ್ಕೂ ಅಷ್ಟೇ. ಎಲ್ಲರೂ ತಿಂದ್ರು, ಹೊಗಳಿದ್ರು. ಆಗ ವಿಭಾಗದ ಮುಖ್ಯಸ್ಥ, ಮುಂದ ಎಲ್ಲಿ ಥೀಸಿಸ್ ಅಂತ ಕೇಳ್ದ. ಇಲ್ಲೇ ಸಿಗ್ತದ ಅಂತ ಆಸೆ ಇತ್ತು ಅಂದೆ. ಆತ ಖರೇನೇ ಬೆರಗಾದ. ನೀ ಹೇಳ್ಲೇ ಇಲ್ಲಲ್ಲ, ಒಂದೇ ಜಾಗಾ ಇತ್ತು, ಇವರು ಮೂರನೇ ತಿಂಗಳಿನ್ಯಾಗೇ ಬಂದು ಕೇಳಿದ್ರು ಅಂತ ನನ್ನ ಬಾಜೂಕ ಕುಂತ ಇನ್ನೊಬ್ಬ ಇಂಟರ್ನ್‌ನ್ನ ತೋರಿಸ್ದ. ಆ ಹುಡುಗ ನನಗಿಂತ ಹಿಂದಿಂದ ಬಂದಾಂವ. ಆತನ ಕೈಯಾಗೂ ಶಿರಾದ ಪ್ಲೇಟಿತ್ತು.

ಯಾರ ಮ್ಯಾಲ ಸಿಟ್ಟು ಮಾಡ್ಲಿ? ಯಾರೂ ಮೋಸ ಮಾಡಿದ್ದಿಲ್ಲ. ಆ ಚಳಿಗಾಲ ಯೂನಿವರ್ಸಿಟ್ಯಾಗ ಪುಕ್ಕಟ ಥೀಸಿಸ್ ಮಾಡ್ಕೋತ, ಸಂಜಿಗಿ ಬೇಕರ್ಯಾಗ ನಿಂತು ದಿನಾ ತಗದೆ. ಆಮ್ಯಾಲ ಎಲ್ಲಾ ಚಲೋ ಆತು, ಈಗ ಎಸ್ಲಿಂಗನ್‌ದಾಗ ಮನಿ ಅದ, ನನ್ನ ಕೈಕೆಳಗ ಮಂದಿ ಅದಾರ. ಆದ್ರ ಇವತ್ತಿಗೂ ಅವ್ವ ಹೇಳಿದ್ದು ತಪ್ಪು ಅಂತ ನಾ ಒಪ್ಪಂಗಿಲ್ಲ. ನಮ್ಮ ವಿಭಾಗಕ್ಕ ಇಂಟರ್ನ್ ಬಂದ್ರ, ಅದ್ರಾಗೂ ತಲಿ ತಗ್ಗಿಸಿ ಕೆಲಸ ಮಾಡೋ ಹುಡುಗರು ಬಂದ್ರ, ಮೂರನೇ ತಿಂಗಳಿಗೆ ನಾನೇ ಕರದು ಕೇಳ್ತೀನಿ: ಮುಂದ ಏನ್ ಮಾಡ್ಬೇಕಂತೀದಿ? ಬೇಕಿದ್ದವರು ಕೇಳ್ತಾರ, ನಿನಗ್ಯಾಕ ಅಂತಾರ ಇಲ್ಲಿಯವರು. ಅನ್ಲಿ.

ನಿನ್ನ ಕಂಪನ್ಯಾಗ ನಾ ಇರಂಗಿಲ್ಲ ಮತ್ತ. ಅದಕ್ಕ ನೀನೇ ಮಾಡ್ಬೇಕು. ಹನ್ನೊಂದೂವರಿ, ಪಾವಣೆಹನ್ನೆರಡಕ್ಕ ಎಲ್ಲರೂ ಮಾಲ್‌ಟ್ಸೈಟ್ ಅಂತ ಊಟದ ಹೊತ್ತಿನ ನಮಸ್ಕಾರ ಹೇಳ್ಕೋತ ಕ್ಯಾಂಟೀನಿಗೆ ಎದ್ದು ಹೊಂಟ್ರ ಯಾರೂ ನಿನ್ನ ಕೈ ಹಿಡ್ದು ಕರಿಯಂಗಿಲ್ಲ, ಸುಮ್ನ ಎದ್ದು ಅವರ ಸಂಗಟ ನಡಿ. ಅಸೆಂಬ್ಲಿ ಮಂದಿ ಮುಂಜಾನೆ ಆರಕ್ಕ ಬರ್ತಾರ, ಒಂದು ದಿನ ಅವರ ಸಂಗಟ ಇರ್ಲಾ ಅಂತ ಮ್ಯಾನೇಜರಿಗೆ ಕೇಳು. ಎರಡನೇ ತಿಂಗಳಿನ್ಯಾಗ, ನನ್ನ ಕೆಲಸ ಹ್ಯಾಂಗ ಅದ ಅಂತ ಕೇಳು. ಥೀಸಿಸ್ ಬೇಕಿದ್ರ ಆಗಲೇ ಹೇಳಿಬಿಡು. ಹೋಗೂ ಮುಂದ ಕೆಲಸದ ಸರ್ಟಿಫಿಕೇಟ್ ಕೇಳಿ ತಗೊ. ಓದಿ ಚಂದ ಅನಿಸ್ತು ಅಂತ ಖುಷಿ ಆಗಬ್ಯಾಡ, ಹೊಗಳಿಕಿ ಮಾತಿನ ಒಳಗೇ ಮಾರ್ಕ್ಸ್ ಮುಚ್ಚಿಟ್ಟಿರ್ತಾರ. ನನಗ ಕಳಸು, ಓದಿ ಹೇಳ್ತೀನಿ.

ಸಂಜಿಗೂ ಇದೇ ಮಾತು. ಆ ಊರಾಗ ಆಟಕ್ಕ, ಹಾಡಿಗೆ, ಗುಡ್ಡ ಹತ್ಲಾಕ ಎಲ್ಲಾದಕ್ಕೂ ಸಂಘ ಅವ. ಟೇಬಲ್ ಟೆನಿಸ್ ಆಡ್ತಿ ಅಂದಿದಿ, ಒಂದು ಇಮೇಲ್ ಬರಿ, ಒಂದಿನ ಬಂದು ನೋಡ್ಲಾ ಅಂತ. ಪೈಥಾನ್ ಬಿಡು, ಜರ್ಮನ್ ಇಟ್ಕೊ, ಜಿಮ್ ನಿನ್ನ ಇಚ್ಛಾ. ಐದಕ್ಕ ಏಳಾದು ಬ್ಯಾಡ.

ಟ್ಯೂಬಿಂಗನ್ ನೀ ಇರೂ ರಾಯ್ಟ್‌ಲಿಂಗನ್‌ಗ ರೈಲಿನ್ಯಾಗ ಭಾಳ ಹತ್ರ. ನಮ್ಮ ಕಿಟೆಲ್ ಸಾಹೇಬ್ರು, 1894ರ ಕನ್ನಡ ನಿಘಂಟಿನವರು, 1903ರಾಗ ತೀರ್ಕೊಂಡಿದ್ದು ಅಲ್ಲೇ. ಒಂದು ಐತ್ವಾರ ಹೋಗಿ ಬಾ, ಅಂಗಡಿ ಹೆಂಗೂ ಬಂದ್ ಇರ್ತಾವ.

ಆಗಸ್ಟ್‌ದಾಗ ಊರಿಗೆ ಹೋಗ್ತೀನಿ ಅಂದಿದಿ. ತುಪ್ಪ, ಪೇಢೆ, ಖೋವಾ ತರಬ್ಯಾಡ, ಹಾಲಿನ ಪದಾರ್ಥ, ಮಾಂಸ ಯುರೋಪಿನ ಹೊರಗಿಂದ ತರ್ಲಾಕ ಬಿಡಂಗಿಲ್ಲ. ಹಸಿ ಕರಿಬೇವೂ ಬ್ಯಾಡ. ಶೇಂಗಾ ಹಿಂಡಿ, ಅಗಸಿ ಹಿಂಡಿ, ನಮ್ಮ ಕಡಿ ತೊಗರಿಬ್ಯಾಳಿ ತಾ, ಡಬ್ಬಿ ಬ್ಯಾಡ, ಎರಡು ಪ್ಲಾಸ್ಟಿಕ್ ಚೀಲದಾಗ ಗಟ್ಟಿ ಕಟ್ಟು. ರೊಟ್ಟಿ ಕಡಕ್ ಮಾಡಿ ಅಂತ ಅವ್ವಗ ಹೇಳು, ತಿಂಗಳುಗಟ್ಟಲೆ ಇರ್ತಾವ. ಎಸ್ಲಿಂಗನ್‌ಗ ಬರೂ ಮುಂದ ಒಂದು ದಿನ ಮೊದ್ಲ ಫೋನ್ ಮಾಡು.