ಹತ್ತು ಲೋಗೊ ಕೊಡಬೇಕಾ, ಮೂರು ಸಾಕಾ?

ಪ್ರಶ್ನೆ: ನಾನು ಸ್ವಂತವಾಗಿ ಗ್ರಾಫಿಕ್ ಡಿಸೈನ್ ಮಾಡುತ್ತೇನೆ. ಗ್ರಾಹಕರು "ಹತ್ತು ಲೋಗೊ ಕಳಿಸಿ, ಒಂದು ಆರಿಸ್ಕೊತೀವಿ" ಅಂತಾರೆ. ನನಗೆ ಮೂರಕ್ಕಿಂತ ಹೆಚ್ಚು ಮಾಡೋಕೆ ಮನಸ್ಸೇ ಬರೋದಿಲ್ಲ. ಜೊತೆಯವರೆಲ್ಲ ದಿನಕ್ಕೊಂದು ಕೆಲಸ ಮುಗಿಸುತ್ತಾರೆ. ನಾನು ನಿಧಾನವಾ?

ಉತ್ತರ: ನಿಧಾನದ ಮಾತು ಆಮೇಲೆ. ಮೊದಲು ಆ ಹತ್ತನ್ನು ಬಿಡಿಸಿ ನೋಡೋಣ. ಸಾಮಾನ್ಯವಾಗಿ ಅದರಲ್ಲಿ ಎರಡೋ ಮೂರೋ ಮಾತ್ರ ತಲೆ ಓಡಿಸಿ ಮಾಡಿದ್ದು. ಉಳಿದವು ಅವುಗಳದ್ದೇ ಬಣ್ಣ ಬದಲಿಸಿದ್ದು, ಫಾಂಟ್ ಬದಲಿಸಿದ್ದು, ವೃತ್ತದೊಳಗಿದ್ದ ಅಕ್ಷರವನ್ನು ಸುಮ್ನೆ ಚೌಕಕ್ಕೆ ತುರುಕಿದ್ದು. ಗ್ರಾಹಕರು ಸರಿಯಾಗಿ ಅಂಥದ್ದಕ್ಕೇ ಕೈ ಹಾಕುತ್ತಾರೆ! ಆಮೇಲೆ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ವರ್ಷಗಟ್ಟಲೆ ನೀವೇ ಒಪ್ಪದ ಕೆಲಸ ನಿಮ್ಮದು ಅಂತ ಓಡಾಡುತ್ತಿರುತ್ತದೆ. ಆದ್ದರಿಂದ ನಿಮಗೆ ಒಪ್ಪಿಗೆಯಿಲ್ಲದ್ದನ್ನು ತೋರಿಸಲೇಬೇಡಿ.

ಹಾಗಂತ ಕಡಿಮೆ ಮಾಡಿದರೆ ತಾನಾಗಿ ಚೆನ್ನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಫೋಟೋಗ್ರಾಫರ್‌ಗಳು ಕ್ಯಾಮೆರಾಗೆ ಫಿಲಂ ಹಾಕುತ್ತಿದ್ದ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ ಬರುತ್ತಿತ್ತು. ಅಷ್ಟನ್ನೂ ಒಂದೇ ಹಾಳೆಯಲ್ಲಿ ಸಣ್ಣಸಣ್ಣದಾಗಿ ಪ್ರಿಂಟ್ ಹಾಕಿ, ಭೂತಗನ್ನಡಿ ಇಟ್ಟು ನೋಡಿ, ಬೇಕಾದ ಒಂದೆರಡಕ್ಕೆ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದರು. ಉಳಿದದ್ದು ಹೊರಗೆ ಹೋಗುತ್ತಲೇ ಇರಲಿಲ್ಲ. ನಿಮ್ಮ ಸ್ಕೆಚ್ ಪುಸ್ತಕದಲ್ಲೂ ಹತ್ತಲ್ಲ, ಐವತ್ತಿರಲಿ. ಮೇಜು ದಾಟುವುದು ಮೂರೇ ಆಗಲಿ. ಸ್ಕೆಚ್ಚೂ ಮೂರೇ ಮಾಡಿದ್ದರೆ, ಬೇಜಾರು ಮಾಡ್ಕೋಬೇಡಿ, ಅದನ್ನು ಗುಣಮಟ್ಟ ಅನ್ನೋಕಾಗಲ್ಲ.

ಜೊತೆಯವರ ವೇಗ ನೋಡಿ ಹೊಟ್ಟೆ ಉರಿಸಿಕೊಳ್ಳುವುದೂ ಬೇಡ. ಸಂಗೀತಗಾರ ಬಾಖ್ 1723ರಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಹೋದ ಮೇಲೆ ಮೊದಲ ಕೆಲವು ವರ್ಷ ಚರ್ಚಿಗಾಗಿ ಹೆಚ್ಚುಕಮ್ಮಿ ವಾರಕ್ಕೊಂದು ಹೊಸ ಕೃತಿ ಬರೆದ, ಅವನ್ನು ಇವತ್ತಿಗೂ ಹಾಡುತ್ತಾರೆ. ಚಿತ್ರಕಾರ ವರ್ಮೀರ್‌ದು ಉಳಿದಿರುವುದು ಸುಮಾರು 35 ಚಿತ್ರ, ಒಂದೊಂದೂ ಅಪರೂಪದ್ದು, ಆದರೆ 1675ರಲ್ಲಿ ಆತ ಸತ್ತಾಗ ಮನೆಯವರಿಗೆ ಉಳಿದದ್ದು ಸಾಲ. ಜಾಸ್ತಿ ಮಾಡಿದವರೆಲ್ಲ ಕಳಪೆ ಅಲ್ಲ, ಕಡಿಮೆ ಮಾಡಿದವರ ಹೊಟ್ಟೆ ತಾನಾಗಿ ತುಂಬೋದೂ ಇಲ್ಲ ಅಲ್ವಾ? ಎಲ್ಲ ಕೆಲಸಕ್ಕೂ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದೇ ದಿನ ಬಳಸಿ ಬಿಸಾಡುವ ಪೋಸ್ಟರನ್ನು ಒಂದೇ ಗಂಟೆಯಲ್ಲಿ ಮುಗಿಸಿ.

ಈಗ ವ್ಯವಹಾರ. "ಮೂರು ಡಿಸೈನ್, ಎರಡು ಸುತ್ತು ತಿದ್ದುಪಡಿ" ಅಂತ ಕೊಟೇಶನ್‌ನಲ್ಲೇ ಬರೆದುಬಿಡಿ. ಕಳಿಸುವ ಮುಂಚೆ ಒಂದೊಂದನ್ನೂ ಕಪ್ಪು ಬಿಳುಪಿನಲ್ಲಿ ನೋಡಿ, ಬ್ರೌಸರ್ ಟ್ಯಾಬಿನಲ್ಲಿ ಕಾಣುವ ಪುಟ್ಟ ಐಕಾನ್‌ನಷ್ಟು, ಅಂದರೆ 16 ಪಿಕ್ಸೆಲ್‌ಗೆ ಕುಗ್ಗಿಸಿ ನೋಡಿ. ಅಲ್ಲಿ ಕಲಸಿಹೋದರೆ ತೆಗೆದುಹಾಕಿ. ಉಳಿದದ್ದರ ಜೊತೆ, ಯಾಕೆ ಹೀಗೆ ಮಾಡಿದ್ದೀರಿ ಅಂತ ಎರಡು ಸಾಲು ಬರೆಯಿರಿ. ಹತ್ತು ಕೇಳುವವರು ಎಷ್ಟೋ ಸಲ ಆರಿಸಲು ಗೊತ್ತಾಗದೆ ಕೇಳುತ್ತಾರೆ, ಆ ಎರಡು ಸಾಲು ಅವರಿಗೆ ಕೈಹಿಡಿದು ದಾರಿ ತೋರಿಸುತ್ತದೆ.

ಇಷ್ಟಾದರೂ ಹತ್ತೇ ಬೇಕು ಅಂದರೆ ಜಗಳ ಆಡಬೇಡಿ. ನಾಲ್ಕನೆಯದರಿಂದ ಒಂದೊಂದಕ್ಕೂ ಬೇರೆ ರೇಟು, ಬೇರೆ ದಿನ ಹಾಕಿ ಕಳಿಸಿ.