ಓದುಗರ ಪ್ರಶ್ನೆ, ನಮ್ಮ ಉತ್ತರ: ಚೆಸ್ ಸರ್ವರ್ ನಡೆಸೋ ಆಸೆ ಇರೋರಿಗೆ

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಆನ್‌ಲೈನ್ ಚೆಸ್ ಬಗ್ಗೆನೇ ಜಾಸ್ತಿ ಇದ್ವು, ಅದಕ್ಕೆ ಎಲ್ಲಾ ಒಟ್ಟಿಗೇ ತಗೊಂಡಿದೀವಿ.

ಪ್ರಶ್ನೆ: ನಿಟ್ಟುವಳ್ಳಿಲಿ ಮಕ್ಕಳಿಗೆ ಚೆಸ್ ಕ್ಲಾಸ್ ನಡೆಸ್ತೀನಿ. ನಮ್ಮದೇ ಒಂದು ಆನ್‌ಲೈನ್ ಸರ್ವರ್ ಇರ್ಬೇಕು ಅಂತ ಬಾಳ ದಿನದ ಆಸೆ. ಪರಿಚಯದ ಹುಡುಗ ಒಬ್ಬ ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ಸೈಟಿನ ಕೋಡ್ ಫ್ರೀ ಸಿಗುತ್ತೆ, ಅದನ್ನೇ ಹಾಕ್ಕೊಡ್ತೀನಿ ಅಂತಾನೆ. ಹಾಕಿಸ್ಲಾ?
— ಚೆಸ್ ಕೋಚ್, ದಾವಣಗೆರೆ

ಉತ್ತರ: ಕೋಡ್ ಫ್ರೀ ಅನ್ನೋದು ನಿಜ ಸರ್. ಫ್ರಾನ್ಸಿನ ಥಿಬೋ ಡುಪ್ಲೆಸಿ 2010ರಲ್ಲಿ ಶುರು ಮಾಡಿದ್ದು ಅದು, ಜಾಹೀರಾತಿಲ್ಲ, ಜನ ಕೊಡೋ ದೇಣಿಗೆ ಮೇಲೆ ನಡೀತೈತೆ. ಆದ್ರೆ ಅದು ಲಕ್ಷಾಂತರ ಜನ ಆಡೋ ಸೈಟಿಗೆ ಅಂತ ಬೆಳೆದಿರೋ ಸಾಫ್ಟ್‌ವೇರ್ ನೋಡ್ರಿ, ಸ್ಕಾಲಾ ಭಾಷೆಲಿ ಬರ್ದಿರೋದು, ಡೇಟಾ ಇಡೋಕೆ ಮೊಂಗೋಡಿಬಿ ಅನ್ನೋ ಡೇಟಾಬೇಸ್ ಬೇಕು, ಒಳಗಿನ ಪ್ರೋಗ್ರಾಂಗಳು ಒಂದಕ್ಕೊಂದು ಸುದ್ದಿ ಕಳಿಸ್ಕೊಳ್ಳೋಕೆ ರೆಡಿಸ್ ಅನ್ನೋದು ಬೇಕು, ಆಟಗಾರರ ಕನೆಕ್ಷನ್ ಹಿಡ್ಕೊಳ್ಳೋಕೆ ಬೇರೇನೇ ಒಂದು ಪ್ರೋಗ್ರಾಂ ಓಡ್ತಿರ್ಬೇಕು. ಹುಡುಗ ಇವತ್ತು ಹಾಕ್ಕೊಡ್ತಾನೆ, ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ್ಮೇಲೆ ಅಪ್‌ಡೇಟ್ ಮಾಡೋರು ಯಾರು, ಬ್ಯಾಕಪ್ ತೆಗಿಯೋರು ಯಾರು, ಭಾನುವಾರ ಟೂರ್ನಮೆಂಟ್ ಮಧ್ಯ ಡಿಸ್ಕ್ ತುಂಬಿ ನಿಂತ್ರೆ ಫೋನ್ ಯಾರಿಗೆ ಮಾಡ್ತೀರಿ? ಸರ್ವರ್ ಹಾಕೋದು ಒಂದು ದಿನದ ಕೆಲಸ, ನಡೆಸೋದು ದಿನಾ ಇರೋ ಕೆಲಸ. ಇನ್ನೊಂದು ವಿಷಯ, ಆ ಕೋಡು ಎಜಿಪಿಎಲ್ ಲೈಸೆನ್ಸ್‌ದು, ಅದನ್ನ ನೀವು ಬದಲಾಯಿಸಿ ಜನರಿಗೆ ಆಡೋಕೆ ಬಿಟ್ರೆ ಬದಲಾಯಿಸಿದ ಕೋಡನ್ನೂ ಅವ್ರಿಗೆ ಸಿಗೋ ಹಾಗೆ ಇಡ್ಬೇಕು.

ನಿಮ್ಮ ಕ್ಲಾಸಿಗೆ ಬೇಕಾಗಿರೋದು ಅವರ ಸೈಟಲ್ಲೇ ಐತೆ. ಟೀಚರ್‌ಗಳಿಗೆ ಅಂತ ಕ್ಲಾಸ್ ಸೌಲಭ್ಯ ಕೊಟ್ಟಿದಾರೆ, ಮಕ್ಕಳ ಖಾತೆ ನೀವೇ ತೆಗಿಬೋದು, ಕಿಡ್ ಮೋಡ್ ಹಾಕಿದ್ರೆ ಹೊರಗಿನೋರ ಚಾಟು, ಮೆಸೇಜು ಬರಲ್ಲ. ಒಂದು ಟೀಮ್ ಮಾಡ್ಕೊಂಡು ಅದರೊಳಗೆ ಸ್ವಿಸ್ ಟೂರ್ನಮೆಂಟ್ (ಸೋತೋರು ಹೊರಗೆ ಹೋಗದೆ ಎಲ್ಲಾ ಸುತ್ತೂ ಆಡೋದು) ಇಡ್ಬೋದು. ಸ್ವಂತದ್ದೇ ಬೇಕು ಅನ್ನೋಕೆ ನನಗೆ ಒಪ್ಪಿಗೆಯಾಗೋ ಒಂದು ಕಾರಣ ಅಂದ್ರೆ ಇಂಟರ್‌ನೆಟ್ ಸರಿ ಬರದ ಹಳ್ಳಿ ಶಾಲೆ ಲ್ಯಾಬು. ಜಗಳೂರು ಕಡೆ ಅಂಥಾ ಶಾಲೆಗೆ ಹೋಗಿ ಕಲಿಸ್ತೀರಿ ಅಂದ್ರೆ ಒಂದು ಹಳೇ ಪಿಸಿಲಿ ಚಿಕ್ಕ ಸರ್ವರ್ ಹಾಕಿ ಲ್ಯಾಬಿನ ಲ್ಯಾನ್ ಒಳಗೇ, ಅಂದ್ರೆ ಅಲ್ಲಿನ ಕಂಪ್ಯೂಟರ್‌ಗಳ ಮಧ್ಯನೇ ಆಡಿಸ್ರಿ, ಅದಕ್ಕೆ ಲಿಚೆಸ್ಸಿನಷ್ಟು ದೊಡ್ಡದು ಬೇಕಾಗಿಲ್ಲ.

ಪ್ರಶ್ನೆ: ಫೈನಲ್ ಇಯರ್ ಪ್ರಾಜೆಕ್ಟಿಗೆ ನೋಡ್ ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟಲ್ಲಿ ಸರ್ವರ್ ಬರೆಯೋ ಸಾಧನ) ಚೆಸ್ ಸರ್ವರ್ ಬರೀತಿದೀವಿ. ಲ್ಯಾಪ್‌ಟಾಪಲ್ಲಿ ಸೂಪರಾಗಿ ಓಡುತ್ತೆ. ವಿಪಿಎಸ್‌ಗೆ (ಬಾಡಿಗೆ ಸರ್ವರ್) ಹಾಕಿ, ಬಂದ ಕನೆಕ್ಷನ್ನನ್ನ ನಮ್ಮ ಪ್ರೋಗ್ರಾಂಗೆ ದಾಟಿಸೋ ಎಂಜಿನ್‌ಎಕ್ಸ್ ಮುಂದೆ ಇಟ್ಮೇಲೆ ಯಾರಾದ್ರೂ ಜಾಸ್ತಿ ಹೊತ್ತು ಯೋಚನೆ ಮಾಡಿದ್ರೆ ಕನೆಕ್ಷನ್ ಕಟ್. ವಾಪಸ್ ಬಂದ್ರೆ ಇಬ್ರ ಫೋನಲ್ಲೂ ಗಡಿಯಾರ ಬೇರೆ ಬೇರೆ. ಏನ್ ಮಾಡೋದು?
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಕಟ್ ಆಗೋದಕ್ಕೆ ಕಾರಣ ಹೆಚ್ಚುಕಮ್ಮಿ ಗೊತ್ತಾಗ್ತೈತಮ್ಮಾ. ಎಂಜಿನ್‌ಎಕ್ಸ್ ಹಿಂದಿನ ಸರ್ವರಿಂದ 60 ಸೆಕೆಂಡ್ ಏನೂ ಬರ್ಲಿಲ್ಲ ಅಂದ್ರೆ ಕನೆಕ್ಷನ್ ಮುಚ್ಚಿಬಿಡುತ್ತೆ, ಅದು ಅದರ ಡೀಫಾಲ್ಟು. ಚೆಸ್ಸಲ್ಲಿ ಒಂದು ನಿಮಿಷ ಸುಮ್ನೆ ಕೂತು ಯೋಚ್ನೆ ಮಾಡೋದು ಮಾಮೂಲಿ, ಎರಡೂ ಕಡೆಯಿಂದ ಒಂದಕ್ಷರ ಹೋಗಲ್ಲ, ಕನೆಕ್ಷನ್ ಸತ್ತಿದೆ ಅಂತ ಎಂಜಿನ್‌ಎಕ್ಸ್ ಅನ್ಕೊಳುತ್ತೆ. ಅದರ ಪ್ರಾಕ್ಸಿ ರೀಡ್ ಟೈಮೌಟ್ (ಕಾಯೋ ಹೊತ್ತು) ಜಾಸ್ತಿ ಮಾಡ್ರಿ, ಜೊತೆಗೆ ಸರ್ವರಿಂದ ಇಪ್ಪತ್ತು ಸೆಕೆಂಡಿಗೊಂದು ವೆಬ್‌ಸಾಕೆಟ್ ಪಿಂಗ್, ಅಂದ್ರೆ ಇದೀರಾ ಅಂತ ಕೇಳೋ ಚಿಕ್ಕ ಸಂದೇಶ ಕಳಿಸ್ರಿ. ಪಿಂಗಿಗೆ ಉತ್ತರ ಬರ್ಲಿಲ್ಲ ಅಂದ್ರೆ ಎದುರಿನೋರು ನಿಜವಾಗ್ಲೂ ಹೋಗಿದಾರೆ ಅಂತಾನೂ ಗೊತ್ತಾಗುತ್ತೆ, ಇಲ್ಲಾಂದ್ರೆ ಫೋನ್ ನೆಟ್‌ವರ್ಕ್ ಹೋಗಿರೋದು ಸರ್ವರಿಗೆ ಎಷ್ಟೋ ಹೊತ್ತು ತಿಳಿಯೋದೇ ಇಲ್ಲ.

ಗಡಿಯಾರದ್ದು ಇದಕ್ಕಿಂತ ದೊಡ್ಡ ವಿಷಯ, ಇಡೀ ಪ್ರಾಜೆಕ್ಟಲ್ಲಿ ನೀವು ತಲೆ ಕೆಡಿಸ್ಕೊಬೇಕಾಗಿರೋದೇ ಇದಕ್ಕೆ. ಗಡಿಯಾರ ಸರ್ವರ್ ಕೈಲೇ ಇರ್ಬೇಕು. ಫೋನಲ್ಲಿ ಓಡ್ತಿರೋ ಸೆಕೆಂಡು ಬರೀ ತೋರ್ಸೋಕೆ, ತೀರ್ಮಾನ ಅದರದ್ದಲ್ಲ. ಪ್ರತಿ ಮೂವ್ ಆದ್ಮೇಲೂ ಇಬ್ಬರಿಗೂ ಉಳಿದಿರೋ ಟೈಮನ್ನ ಮಿಲಿಸೆಕೆಂಡಲ್ಲಿ ಸರ್ವರ್ರೇ ಕಳಿಸ್ಬೇಕು, ವಾಪಸ್ ಕನೆಕ್ಟ್ ಆದವ್ರಿಗೆ ಇಡೀ ಬೋರ್ಡು, ಎರಡೂ ಗಡಿಯಾರ ಹೊಸದಾಗಿ ಕೊಡ್ಬೇಕು, ಅವ್ರ ಫೋನ್ ಹಳೇದೇನು ಇಟ್ಕೊಂಡಿದ್ರೂ ಬಿಸಾಕ್ಬೇಕು. ಹೊತ್ತು ಅಳೆಯೋಕೆ ಜಾವಾಸ್ಕ್ರಿಪ್ಟಿನ ಡೇಟ್ ನೌ (Date.now) ಬಳಸ್ಬೇಡ್ರಿ, ಸರ್ವರ್ ತನ್ನ ಟೈಮ್ ಸರಿ ಮಾಡ್ಕೊಂಡಾಗ ಅದು ಹಿಂದೆ ಮುಂದೆ ಜಿಗಿಯುತ್ತೆ, ಪರ್ಫಾರ್ಮೆನ್ಸ್ ನೌ (performance.now) ಮುಂದಕ್ಕೇ ಹೋಗುತ್ತೆ. ಪ್ರತಿ ಮೂವಿಗೂ ಉಳಿದ ಟೈಮ್ ಡೇಟಾಬೇಸಿಗೆ ಬರೀರಿ, ಸರ್ವರ್ ಬಿದ್ದು ಎದ್ರೆ ಅಲ್ಲಿಂದ ಮುಂದುವರಿಸಿ, ಬಿದ್ದಿದ್ದ ಹೊತ್ತನ್ನ ಯಾರ ಲೆಕ್ಕಕ್ಕೂ ಹಾಕ್ಬೇಡ್ರಿ.

ಆಮೇಲೆ ಲ್ಯಾಗು, ಅಂದ್ರೆ ನೆಟ್‌ವರ್ಕಲ್ಲಿ ಆಗೋ ತಡ. ಮೊಳಕಾಲ್ಮುರಿಂದ ಮೊಬೈಲಲ್ಲಿ ಆಡೋ ಹುಡುಗಂದು ಮೂವ್ ಬರೋಕೆ ಅರ್ಧ ಸೆಕೆಂಡು ಹಿಡಿದ್ರೆ, ಫೈಬರ್ ಇರೋ ಮನೆ ಹುಡುಗನ ಮುಂದೆ ಅರವತ್ತು ಮೂವಿಗೆ ಅರ್ಧ ನಿಮಿಷ ಸುಮ್ನೆ ಕಳ್ಕೊಂಡಂಗೆ, ಅವನೇನು ತಪ್ಪು ಮಾಡಿದಾನೆ? ಈ ಸಮಸ್ಯೆ ಹಳೇದು. 1995ರಲ್ಲಿ ಶುರುವಾದ ಫಿಕ್ಸ್ ಅನ್ನೋ ಫ್ರೀ ಚೆಸ್ ಸರ್ವರಿಗೆ ಜನ ಟೆಲ್ನೆಟ್ಟಲ್ಲಿ (ಬರೀ ಅಕ್ಷರ ಟೈಪ್ ಮಾಡಿ ಕನೆಕ್ಟ್ ಆಗೋ ಹಳೇ ವಿಧಾನ) ಬಂದು ಆಡ್ತಿದ್ರು, ಅಲ್ಲಿ ಟೈಮ್‌ಸೀಲ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಆಟಗಾರರ ಕಂಪ್ಯೂಟರಲ್ಲೇ ಮೂವಿಗೆ ಟೈಮ್ ಗುರುತು ಹಾಕಿ ಕಳಿಸ್ತಿತ್ತು, ದಾರಿಲಿ ಹೋದ ಹೊತ್ತು ಲೆಕ್ಕಕ್ಕೆ ಬರ್ತಿರ್ಲಿಲ್ಲ. ನೀವು ಬ್ರೌಸರ್ ಹೇಳಿದ ಟೈಮನ್ನ ಹಂಗೇ ನಂಬ್ಬೇಡ್ರಿ, ಅದನ್ನ ತಿದ್ದೋದು ಸುಲಭ. ಪಿಂಗಿಂದ ಸರ್ವರ್ರೇ ಲ್ಯಾಗ್ ಅಳೆದು ಮೂವಿಗೆ ಇಷ್ಟೇ ಅಂತ ಮಿತಿ ಹಾಕಿ ವಾಪಸ್ ಕೊಡ್ರಿ. ಟೈಮ್ ಕಂಟ್ರೋಲ್ ಮೂರು ಅಥವಾ ಐದು ಸೆಕೆಂಡ್ ಇನ್‌ಕ್ರಿಮೆಂಟ್ (ಪ್ರತಿ ಮೂವಿಗೂ ಸೇರೋ ಟೈಮ್) ಇರೋದೇ ಇಡ್ರಿ, ಒಬ್ಬೊಬ್ರಿಗೆ ಇಡೀ ಆಟಕ್ಕೆ ಒಂದೇ ನಿಮಿಷದ ಬುಲೆಟ್ಟು ನಮ್ಮ ಕಡೆ ನೆಟ್‌ವರ್ಕಿಗೆ ನ್ಯಾಯ ಕೊಡಲ್ಲ.

ಕೇಳಿಲ್ಲ ಆದ್ರೂ ಹೇಳ್ತೀನಿ, ಮೂವ್ ಸರಿನೋ ಅಲ್ವೋ ನೋಡೋದೂ ಸರ್ವರಲ್ಲೇ ಆಗ್ಬೇಕು, ಚೆಸ್ ಜೆಎಸ್ ಥರದ ಲೈಬ್ರರಿ ತಗೊಳ್ರಿ, ಆಂಪಾಸಾಂ ಕ್ಯಾಸ್ಲಿಂಗ್ ಥರದ ವಿಶೇಷ ಮೂವ್ ನಿಯಮ ಎಲ್ಲಾ ಸ್ವಂತ ಬರೀತಾ ಕೂತ್ರೆ ಸೆಮಿಸ್ಟರ್ ಮುಗಿಯುತ್ತೆ. ಬರೀ ಕೊನೇ ಪೊಸಿಷನ್ನಿನ ಎಫ್‌ಇಎನ್ (ಬೋರ್ಡ್ ಸ್ಥಿತಿನ ಒಂದು ಸಾಲಲ್ಲಿ ಬರೆಯೋ ರೀತಿ) ಸೇವ್ ಮಾಡಿದ್ರೆ ಸಾಲಲ್ಲ, ಡ್ರಾ ಕೇಳೋಕೆ ಒಂದೇ ಪೊಸಿಷನ್ ಮೂರು ಸಲ ಬಂತಾ ಅಂತ ಅದರಲ್ಲಿ ಇರಲ್ಲ, ಆಟದ ಎಲ್ಲಾ ಮೂವೂ ಇಟ್ಕೊಬೇಕು. ಸ್ಟಾಕ್‌ಫಿಶ್ ಅನ್ನೋ ಚೆಸ್ ಎಂಜಿನ್ನಿನ (ಒಳ್ಳೇ ಮೂವ್ ಲೆಕ್ಕ ಹಾಕೋ ಪ್ರೋಗ್ರಾಂ) ಅನಾಲಿಸಿಸ್ಸನ್ನ ಆಟಗಾರರ ಬ್ರೌಸರಲ್ಲೇ ಓಡಿಸ್ರಿ. ಮೂವ್ ಅಂದ್ರೆ ನಾಕಕ್ಷರ, ನೂರು ಆಟ ಒಟ್ಟಿಗೆ ನಡೆದ್ರೂ ಸಣ್ಣ ವಿಪಿಎಸ್ ಎಳೆಯುತ್ತೆ, ಸಿಪಿಯು ತಿನ್ನೋದು ಎಂಜಿನ್ನು.

ಪ್ರಶ್ನೆ: ನಮ್ಮ ಆನ್‌ಲೈನ್ ಟೂರ್ನಮೆಂಟಲ್ಲಿ ಒಬ್ಬ ಹುಡುಗ ಎಂಜಿನ್ ನೋಡಿ ಆಡ್ತಾನೆ ಅಂತ ಎಲ್ರೂ ಹೇಳ್ತಿದಾರೆ. ಬ್ಯಾನ್ ಮಾಡ್ಲಾ?
— ಹರಿಹರದ ಓದುಗರು

ಉತ್ತರ: ಎಲ್ರೂ ಹೇಳ್ತಾರೆ ಅನ್ನೋದು ಸಾಕ್ಷಿ ಅಲ್ಲ ಸ್ವಾಮಿ. ಒಂದು ಆಟ ಸ್ಟಾಕ್‌ಫಿಶ್ ಜೊತೆ ಹೊಂದಿದ್ರೂ ಅದರಿಂದ ಏನೂ ಸಾಬೀತಾಗಲ್ಲ, ಯಾಕಂದ್ರೆ ಓಪನಿಂಗ್ ಬಾಯಿಪಾಠ ಇರುತ್ತೆ, ಕಾಯಿ ಹೊಡೆದಾಗ ವಾಪಸ್ ಹೊಡಿಯೋದು ಯಾರಾದ್ರೂ ಮಾಡ್ತಾರೆ. ಅವೆರಡನ್ನೂ ಬಿಟ್ಟು ಮಧ್ಯದ ಕಷ್ಟದ ಮೂವುಗಳನ್ನ ಸುಮಾರು ಆಟಗಳಲ್ಲಿ ನೋಡ್ರಿ, ಸುಲಭದ್ದಕ್ಕೂ ಕಷ್ಟದ್ದಕ್ಕೂ ಒಂದೇ ಸಮನೆ ಆರೇಳು ಸೆಕೆಂಡ್ ತಗೋತಾನಾ ನೋಡ್ರಿ, ಆಮೇಲೆ ಹುಡುಗನ್ನ ಎದುರಿಗೆ ಕೂರಿಸ್ಕೊಂಡು ಈ ಕುದುರೆ ಯಾಕೆ ಇಲ್ಲಿಟ್ಟೆ ಅಂತ ಸಮಾಧಾನವಾಗಿ ಕೇಳ್ರಿ. ತಪ್ಪಿಲ್ಲದ ಮಗುಗೆ ಕಳ್ಳ ಅನ್ನೋ ಹೆಸರು ಬಂದ್ರೆ ಅದು ಮತ್ತೆ ಬೋರ್ಡ್ ಮುಟ್ಟಲ್ಲ, ಇದನ್ನ ದಯವಿಟ್ಟು ನೆನಪಿಟ್ಕೊಳ್ರಿ. ಬಹುಮಾನ ಇರೋ ಫೈನಲ್ಲನ್ನ ಎಲ್ರನ್ನೂ ಒಂದು ಹಾಲಿಗೆ ಕರ್ಸಿ ಮರದ ಬೋರ್ಡಲ್ಲೇ ಆಡಿಸ್ರಿ.

ಪ್ರಶ್ನೆ: ಸರ್ವರ್ ಖರ್ಚಿಗೆ ಅಂತ ತಲೆಗೆ 50 ರೂಪಾಯಿ ಎಂಟ್ರಿ ಫೀಸ್ ತಗೊಂಡು ಗೆದ್ದೋರಿಗೆ ಕ್ಯಾಶ್ ಪ್ರೈಜ್ ಇಡ್ಬೋದಾ?
— ಹಿರಿಯೂರಿನ ಓದುಗರು

ಉತ್ತರ: ಬೇಡ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಪ್ರಕಾರ ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಸೆಲಿ ಆಡೋ ಆನ್‌ಲೈನ್ ಆಟಕ್ಕೆ ನಿಷೇಧ ಐತೆ, ಅದು ಬುದ್ಧಿ ಆಟನೋ ಅದೃಷ್ಟದ ಆಟನೋ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಇ-ಸ್ಪೋರ್ಟ್ಸಿಗೆ ಬೇರೆ ದಾರಿ ಇಟ್ಟಿದಾರೆ, ಅದರಲ್ಲಿ ಬರ್ತೀವಿ ಅಂತ ನೀವೇ ಅನ್ಕೊಂಡು ಫೀಸ್ ಎತ್ಬೇಡ್ರಿ, ವಕೀಲರ ಹತ್ರ ಕೇಳ್ರಿ. ಖರ್ಚಿಗೆ ಊರಲ್ಲಿ ದಾನಿಗಳು ಸಿಗ್ತಾರೆ, ಬಹುಮಾನಕ್ಕೆ ಪುಸ್ತಕ, ಚೆಸ್ ಬೋರ್ಡು, ಗಡಿಯಾರ ಕೊಡ್ಸಿ. ಮತ್ತೆ ಹೆಸರು ನೋಂದಾಯಿಸ್ವಾಗ ಮಕ್ಕಳ ಫೋನ್ ನಂಬರು, ಹುಟ್ಟಿದ ತಾರೀಕು, ಫೋಟೋ ಎಲ್ಲಾ ತುಂಬಿಸ್ಕೊಬೇಡ್ರಿ, 2023ರ ಡೇಟಾ ರಕ್ಷಣೆ ಕಾಯ್ದೆಲಿ 18 ತುಂಬದವ್ರೆಲ್ಲಾ ಮಕ್ಕಳೇ, ಅವ್ರ ಮಾಹಿತಿಗೆ ತಂದೆ ತಾಯಿ ಒಪ್ಪಿಗೆ ಬೇಕು. ಒಂದು ಅಡ್ಡಹೆಸರು, ಒಂದು ಪಾಸ್‌ವರ್ಡು, ಆಡೋಕೆ ಅಷ್ಟು ಸಾಕು.