ನೀರ್ಚಾಲಿನ ಗೆಳೆಯರಿಗೆ: ಮೊದಲು ಆ ವೆಲ್ಶ್ ಆಲ್ಬಂ ಕೇಳಿ

ನೀರ್ಚಾಲಿನ ಗೆಳೆಯರೇ,

ನಿಮ್ಮ ಕಾಗದ ಬಂತು, ತುಂಬಾ ಖುಷಿಯಾಯಿತು. ಕಾಸರಗೋಡಿನ ಕನ್ನಡ ಪತ್ರಿಕೆಗೆ ಯಕ್ಷಗಾನದ ಬಗ್ಗೆ ಕಾಗದ ಬರುತ್ತದೆ, ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಆ ಬಗ್ಗೆಯೂ ಬರುತ್ತದೆ, ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದೆ ಬ್ಯಾಂಡಿನವರು ತಾವೇ ಮಾಡುವ ರಾಕ್ ಸಂಗೀತ) ಬಗ್ಗೆ ಬರುವುದು ಕಮ್ಮಿ. ನೀವು ಮೂವರು ಸ್ನೇಹಿತರು, ಒಂದು ಗಿಟಾರ್, ಒಂದು ಕಹೋನ್ (ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ). ಫೋನಿನಲ್ಲಿ ರೆಕಾರ್ಡ್ ಮಾಡಿದ ಎರಡು ಹಾಡಿದೆ, ಒಂದು ಕನ್ನಡ, ಇನ್ನೊಂದು ಅರ್ಧ ತುಳು. ಎರಡನ್ನೂ ಯಾರಿಗೂ ಕೇಳಿಸಿಲ್ಲ. ನಿಮ್ಮ ಪ್ರಶ್ನೆ ಎರಡು: ಕೂತು ಪೂರ್ತಿ ಕೇಳುವಂಥ ಇಂಡೀ ರಾಕ್ ಆಲ್ಬಂ ಯಾವುದೆಲ್ಲ ಇದೆ? ಮತ್ತೆ, ಈ ಗಡಿಯಲ್ಲಿ ಕೂತು ಕನ್ನಡದಲ್ಲಿ ರಾಕ್ ಹಾಡಿದರೆ ಕೇಳುವವರು ಯಾರು, ಇಂಗ್ಲಿಷಿನಲ್ಲೇ ಬರೆಯುವುದು ಒಳ್ಳೆಯದಲ್ವಾ?

ಎರಡಕ್ಕೂ ನನ್ನ ಹತ್ತಿರ ಇರುವ ಉತ್ತರ ಒಂದೇ ಆಲ್ಬಂ. ಸೂಪರ್ ಫರ್ರಿ ಅನಿಮಲ್ಸ್ ಎಂಬ ಬ್ಯಾಂಡಿನವರ 'ಮೂಂಗ್', 2000ದಲ್ಲಿ ಬಂದದ್ದು.

ಇವರು ಬ್ರಿಟನ್ನಿನ ವೇಲ್ಸಿನವರು, ಅಲ್ಲಿಗೆ ವೆಲ್ಶ್ ಅನ್ನುವ ತನ್ನದೇ ಭಾಷೆ ಇದೆ. ಅಷ್ಟು ಹೊತ್ತಿಗೆ ಇಂಗ್ಲಿಷಿನಲ್ಲಿ ಹಾಡಿ ಬ್ರಿಟನ್ನಿನಲ್ಲಿ ಒಳ್ಳೆಯ ಹೆಸರು ಮಾಡಿದ್ದರು. ಇಂಗ್ಲಿಷಿನಲ್ಲಿ ಹಾಡಿದ್ದಕ್ಕೆ ತಮ್ಮೂರಿನ ಭಾಷಾಭಿಮಾನಿಗಳಿಂದ ಬೈಸಿಕೊಂಡೂ ಆಗಿತ್ತು. ಅವರ ಹಾಡುಗಳನ್ನು ತರುತ್ತಿದ್ದ ಕ್ರಿಯೇಷನ್ ರೆಕಾರ್ಡ್ಸ್ ಮುಚ್ಚಿತು. ಆಗ ಅವರು ಇನ್ನೊಂದು ದೊಡ್ಡ ಕಂಪನಿಗೆ ಕಾಯದೆ, ಪ್ಲಾಸಿಡ್ ಕ್ಯಾಶುವಲ್ ಅನ್ನುವ ತಮ್ಮದೇ ಲೇಬಲ್ಲಿನಿಂದ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ವೆಲ್ಶ್ ಭಾಷೆಯಲ್ಲೇ ಇರುವ ಆಲ್ಬಂ ತಂದರು. 2001ರ ಜನಗಣತಿಯಲ್ಲಿ ವೇಲ್ಸ್ ಒಳಗೇ ಆ ಭಾಷೆ ಆಡುವವರು ನೂರಕ್ಕೆ ಸುಮಾರು 21 ಜನ. ಆದರೂ ಆಲ್ಬಂ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಹೋಯಿತು. ಸಂಸತ್ತಿನಲ್ಲೂ ಅದರ ಮಾತು ಬಂತು. ಕೊಂಡವರಲ್ಲಿ ಎಷ್ಟೋ ಜನಕ್ಕೆ ಒಂದು ಸಾಲೂ ಅರ್ಥ ಆಗಿರಲಿಕ್ಕಿಲ್ಲ.

ಕೇಳಲು ಹೇಗಿದೆ ಅಂದರೆ, ಅಬ್ಬರ ಇಲ್ಲ. ಒಂದೇ ಕೋಣೆಯಲ್ಲಿ ಕೂತು ನುಡಿಸಿದ ಹಾಗೆ ಹತ್ತಿರದಿಂದ ಕೇಳುತ್ತದೆ. ಬೇಸರ ಮತ್ತು ಲವಲವಿಕೆ ಎರಡೂ ಒಂದೇ ಹಾಡಿನಲ್ಲಿ ಬರುತ್ತದೆ. ಅದರಲ್ಲಿ ಒಂದು ಹಾಡು ಅವರದ್ದಲ್ಲ, ದತ್‌ಬ್ಲಗಿ ಎಂಬ ಬ್ಯಾಂಡಿನದು. ಈ ದತ್‌ಬ್ಲಗಿಯವರು 1980ರ ದಶಕದಲ್ಲೇ ವೆಲ್ಶ್ ಭಾಷೆಯಲ್ಲಿ ಸಿಟ್ಟಿನ, ಒರಟು ಹಾಡು ಮಾಡಿ ತೋರಿಸಿದವರು. ಹೆಸರು ಬಂದ ಮೇಲೆ ಸೂಪರ್ ಫರ್ರಿಯವರು ಆ ಹಿರಿಯರ ಹಾಡನ್ನು ತಮ್ಮ ಆಲ್ಬಮ್ಮಿನಲ್ಲಿ ಹಾಕಿಕೊಂಡರು. ನನಗೆ ಇದು ತುಂಬಾ ದೊಡ್ಡ ವಿಷಯ. ಮುಂದಿನ ಆಲ್ಬಮ್ಮಿಗೆ ಅವರು ಮತ್ತೆ ಇಂಗ್ಲಿಷಿಗೆ ಹೋದರು, ಅದೂ ತಪ್ಪಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಬರೆಯಬೇಡಿ ಅಂತ ನಾನು ಹೇಳುವುದಿಲ್ಲ, ಬರೆಯಬೇಕು ಅನಿಸಿದರೆ ಬರೆಯಿರಿ. ಆದರೆ ಕೇಳುವವರು ಸಿಗಲ್ಲ ಎಂಬ ಹೆದರಿಕೆಯಿಂದ ಮಾತ್ರ ಭಾಷೆ ಬದಲಿಸಬೇಡಿ.

ಇದರ ಬೆನ್ನಿಗೇ ಗ್ವೆನ್ನೋ ಎಂಬ ಗಾಯಕಿಯ 'ಲೆ ಕೋವ್' (2018) ಕೇಳಿ. ಇದು ಪೂರ್ತಿ ಕಾರ್ನಿಶ್ ಭಾಷೆಯಲ್ಲಿದೆ, ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲಿನ ಭಾಷೆ. 18ನೇ ಶತಮಾನ ಮುಗಿಯುವ ಹೊತ್ತಿಗೆ ಮನೆಮಾತಾಗಿ ನಿಂತೇ ಹೋಗಿದ್ದ ಭಾಷೆ ಅದು. 20ನೇ ಶತಮಾನದಲ್ಲಿ ಆಸಕ್ತರು ಪುಸ್ತಕಗಳಿಂದ ಹೆಕ್ಕಿ ಮತ್ತೆ ಆಡಲು ಶುರು ಮಾಡಿದರು. ಗ್ವೆನ್ನೋ ಅವರ ಅಪ್ಪ ಕಾರ್ನಿಶ್ ಕವಿ, ಮಗಳೊಂದಿಗೆ ಮನೆಯಲ್ಲಿ ಅದನ್ನೇ ಮಾತಾಡಿದರು. ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಜಾಸ್ತಿ, ಗಿಟಾರ್ ಕಮ್ಮಿ, ಹಾಗಾಗಿ ಇದು ರಾಕೇ ಅಲ್ಲ ಅಂತ ನಿಮ್ಮಲ್ಲಿ ಒಬ್ಬರು ಜಗಳ ಮಾಡಬಹುದು, ಮಾಡಲಿ. ನಿಮ್ಮ ತುಳು ಹಾಡಿನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ತುಳುವಿಗೆ ನಮ್ಮಲ್ಲಿ ಲಕ್ಷಗಟ್ಟಲೆ ಜನ ಇದ್ದಾರೆ ಮಾರಾಯ್ರೆ.

ಈಗ ರೆಕಾರ್ಡಿಂಗ್ ಸರಿ ಬಂದಿಲ್ಲ ಎಂಬ ನಿಮ್ಮ ಸಂಕೋಚ. ಮಾಡಿನ ಮೇಲೆ ಬೀಳುವ ಮಳೆ ಸದ್ದು ಹಾಡಿನ ಒಳಗೆ ಬಂದಿದೆ ಅಂತ ಬರೆದಿದ್ದೀರಿ. ಗೈಡೆಡ್ ಬೈ ವಾಯ್ಸಸ್ ಅವರ 'ಬೀ ಥೌಸಂಡ್' (1994) ಕೇಳಿ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನವರು. ಹಾಡು ಕಟ್ಟುವ ರಾಬರ್ಟ್ ಪೊಲಾರ್ಡ್ ಎಷ್ಟೋ ವರ್ಷ ಶಾಲಾ ಮೇಷ್ಟ್ರಾಗಿದ್ದವರು, ಪಾಠ ಮಾಡಿ ಬಂದು ಸ್ನೇಹಿತರ ಜೊತೆ ಹಾಡುತ್ತಿದ್ದರು. ಮನೆಯಲ್ಲಿ ಬಳಸುವ ನಾಲ್ಕು ಟ್ರ್ಯಾಕಿನ ಸಾದಾ ಕ್ಯಾಸೆಟ್ ಮೆಷಿನ್ನಿನಲ್ಲೇ ಹೆಚ್ಚಿನದ್ದನ್ನು ಹಿಡಿದರು. 20 ಹಾಡು, ಒಟ್ಟು ಸುಮಾರು 36 ನಿಮಿಷ. ಕುಂಬಳೆಯಲ್ಲಿ ರೈಲು ಹತ್ತಿ ಹಾಕಿದರೆ ಮಂಗಳೂರು ಮುಟ್ಟುವ ಮೊದಲೇ ಮುಗಿಯುತ್ತದೆ. ಟೇಪಿನ ಸುಯ್ ಸದ್ದು ಉದ್ದಕ್ಕೂ ಇದೆ. ಮೊದಲ ಹಾಡಿನ ನಡುವೆ ಗಿಟಾರ್ ಸುಮ್ನೆ ಮಾಯ ಆಗುತ್ತದೆ, ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತದೆ. ಅವರು ಅದನ್ನು ಸರಿ ಮಾಡಲು ಹೋಗಲಿಲ್ಲ, ಹಾಗೆಯೇ ಬಿಟ್ಟರು. ಯಾಕೆಂದರೆ ರಾಗ ಗಟ್ಟಿಯಿತ್ತು. ಒಂದು ಸಲ ಕೇಳಿದರೆ ದಿನವಿಡೀ ಬಾಯಲ್ಲಿ ನಿಲ್ಲುವ ರಾಗಗಳು. ನಿಮ್ಮ ಹಾಡಲ್ಲೂ ರಾಗ ನಿಂತಿದೆಯಾ ಅಂತ ಮೊದಲು ನೋಡಿ. ಮಳೆ ಸದ್ದು ಇರಲಿ ಬಿಡಿ.

ನ್ಯೂಟ್ರಲ್ ಮಿಲ್ಕ್ ಹೋಟೆಲ್ ಅವರ 'ಇನ್ ದಿ ಏರೋಪ್ಲೇನ್ ಓವರ್ ದಿ ಸೀ' (1998) ಇಷ್ಟವಾಗುವುದು ಬಿಡುವುದು ಹಾಡುವವರ ಕಂಠದ ಮೇಲೆ ನಿಂತಿದೆ. ಜೆಫ್ ಮ್ಯಾಂಗಮ್ ಅವರದ್ದು ಪಾಲಿಶ್ ಮಾಡಿದ ಕಂಠವಲ್ಲ. ಬೆಳಗಿನ ಜಾವ ಯಕ್ಷಗಾನದ ಆಟ ಮುಗಿಯುವ ಹೊತ್ತಿಗೆ ಭಾಗವತರು ದಣಿದ ಗಂಟಲಲ್ಲೇ ಏರುಶ್ರುತಿ ಹಿಡಿಯುತ್ತಾರಲ್ಲ, ಹಾಗೆ. ಅನ್ನಾ ಫ್ರ್ಯಾಂಕ್ ಡೈರಿ ಓದಿ ಕಲಕಿಹೋದ ಮನುಷ್ಯನ ಹಾಡುಗಳಿವು. ತುತ್ತೂರಿ, ಅಕಾರ್ಡಿಯನ್ ಇದೆ, ಮತ್ತೆ ಗರಗಸ ಇದೆ! ನಿಜವಾದ ಗರಗಸವನ್ನೇ ಬಾಗಿಸಿ, ಪಿಟೀಲಿನ ಕಮಾನಿನಲ್ಲಿ ಉಜ್ಜಿ ನುಡಿಸಿದ್ದಾರೆ, ಯಾರೋ ದೂರದಲ್ಲಿ ಹಾಡುತ್ತಿದ್ದಾರೆ ಅನಿಸುತ್ತದೆ. ಮಧ್ಯದಿಂದ ಒಂದು ಹಾಡು ಎತ್ತಿ ಕೇಳಬೇಡಿ, ಒಂದರ ಬಾಲ ಹಿಡಿದೇ ಇನ್ನೊಂದು ಬರುತ್ತದೆ. ಫೋನಿನಲ್ಲಿ ಷಫಲ್ ಆನ್ ಇದ್ದರೆ ಆಫ್ ಮಾಡಿ, ಆಯ್ತಾ?

ಯೋ ಲಾ ಟೆಂಗೋ ಅವರ 'ಐ ಕ್ಯಾನ್ ಹಿಯರ್ ದಿ ಹಾರ್ಟ್ ಬೀಟಿಂಗ್ ಆ್ಯಸ್ ಒನ್' (1997) ನಿಮ್ಮ ಹಾಗೆಯೇ ಮೂರು ಜನರದ್ದು. ಗಿಟಾರ್ ಗಂಡ, ಡ್ರಮ್ಸ್ ಹೆಂಡತಿ, ಬಾಸ್ ಗೆಳೆಯ, ಮೂವರೂ ಹಾಡುತ್ತಾರೆ. ಒಂದು ಹಾಡಿನಲ್ಲಿ ಗಿಟಾರ್ ಕಿರುಚುತ್ತದೆ, ಇನ್ನೊಂದರಲ್ಲಿ ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಅನ್ನುವಷ್ಟು ಮೆತ್ತಗೆ ಹಾಡುತ್ತಾರೆ. ಮೂರೇ ಜನ ಎಷ್ಟೆಲ್ಲ ಮಾಡಬಹುದು ಅಂತ ಕಲಿಯಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಮೈ ಬ್ಲಡಿ ವ್ಯಾಲೆಂಟೈನ್ ಅವರ 'ಲವ್‌ಲೆಸ್' (1991) ಸದ್ಯ ಬೇಡ. ನನಗೆ ಪ್ರಾಣ, ಆದರೆ ಫೋನಿನ ಸ್ಪೀಕರಿನಲ್ಲಿ ಬರೀ ಗದ್ದಲ ಅನಿಸುತ್ತದೆ. ಒಳ್ಳೆಯ ಹೆಡ್‌ಫೋನ್ ಸಿಕ್ಕಿದ ದಿನ ಕೇಳಿ.

ಹತ್ತಿರದ್ದೂ ಇದೆ. ಅವಿಯಲ್ ಬ್ಯಾಂಡಿನ 'ಅವಿಯಲ್' (2008) ನಿಮಗೆ ಗೊತ್ತಿರಬಹುದು, ಗೊತ್ತಿದ್ದರೂ ಪೂರ್ತಿ ಕೇಳಿ. ಮಲಯಾಳದ ಹಳ್ಳಿ ಹಾಡಿನ ಲಯವನ್ನು ಗಟ್ಟಿ ಗಿಟಾರಿಗೆ ಹಾಕಿದ್ದಾರೆ, ಎಲ್ಲೂ ಇಂಗ್ಲಿಷಿನ ನಕಲು ಅನಿಸುವುದಿಲ್ಲ. ಅದೇ ವರ್ಷ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು, ಶಿಶುನಾಳ ಶರೀಫರ ಪದಗಳು ಅದರಲ್ಲಿವೆ. ಅದನ್ನು ಫೋಕ್ ರಾಕ್ ಅನ್ನುವುದೇ ಸರಿ. ಆದರೆ ಕನ್ನಡದ ಮಾತು ಡ್ರಮ್ಸ್ ಮೇಲೆ ಹೇಗೆ ಕೂರುತ್ತದೆ ಅಂತ ತಿಳಿಯಲು ಕೇಳಲೇಬೇಕು. ನಮ್ಮ ಮಾತಿನಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಹಾಡು ಕುಂಟುತ್ತದೆ, ಇಂಗ್ಲಿಷ್ ರಾಗಕ್ಕೆ ಕನ್ನಡ ತುರುಕಿದವರಿಗೆಲ್ಲ ಆಗುವ ತೊಂದರೆ ಇದು. ರಾಗ ಮೊದಲು ಮಾಡಿ ಮಾತು ಆಮೇಲೆ ಹುಡುಕುತ್ತೇವೆ ಅಂತ ಬರೆದಿದ್ದೀರಲ್ಲ, ಒಂದು ಸಲ ತಿರುಗಿಸಿ ನೋಡಿ. ಮೊದಲು ಸಾಲನ್ನು ಬಾಯಿಬಿಟ್ಟು ಹೇಳಿ, ಅದು ಎಲ್ಲಿ ಎಳೆಯುತ್ತದೆ ಎಲ್ಲಿ ನಿಲ್ಲುತ್ತದೆ ಗಮನಿಸಿ, ಅಲ್ಲಿಂದ ರಾಗ ಹಿಡಿಯಿರಿ.

ಕೇಳುವವರು ಯಾರು ಅಂತ ಕೇಳಿದಿರಿ. ನಾನು ಒಬ್ಬ ಇದ್ದೇನೆ. ಎರಡೂ ಹಾಡು ಪತ್ರಿಕೆಯ ವಾಟ್ಸಾಪಿಗೆ ಕಳಿಸಿ, ಅದಕ್ಕಾಗಿ ಸ್ಟುಡಿಯೋಗೆ ಹೋಗಿ ದುಡ್ಡು ಹಾಕಬೇಡಿ, ಈಗ ಇರುವುದನ್ನೇ ಕಳಿಸಿ. ಜೊತೆಗೆ ಸಾಹಿತ್ಯ ಬರೆದು ಕಳಿಸಿ, ತುಳು ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೆದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗೆ ಇಟ್ಟಿದ್ದೇನೆ, ತಿಂಗಳ 20ರ ಒಳಗೆ ನನ್ನ ಕೈಗೆ ಸಿಗಬೇಕು.

ಸಂಪಾದಕ